ಬಾರದ ನಾಲ್ವರು

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಕತೆ ಬರೆಯುವುದನ್ನು ಕಲಿಸುವ ತರಗತಿ. ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ‘ಯುವಕ ಯುವತಿಯರಿಗೆ, ಉಚಿತ’ ಎಂದಿತ್ತು. ಮೊದಲ ವಾರ ಹನ್ನೊಂದು ಜನ ಬಂದರು. ಎರಡನೆಯ ವಾರ ನಾಲ್ಕು. ಮೂರನೆಯ ವಾರ ಮೆಟ್ಟಿಲು ಹತ್ತಿದವಳು ಕಾಲರ್ ಹುಡುಗಿ ಒಬ್ಬಳೇ.

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆರು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಳು. ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲ ಕಡೆ. “ಇವಳ ಬಾಯಿಗೂ ಗುಂಡಿ ಹಾಕಿ ಕಳಿಸಿದಾರೆ ಕಣ್ರೇ” ಎಂದು ಪಕ್ಕದ ಮೆಷಿನ್ನಿನ ಅಕ್ಕ ನಗಿಸುತ್ತಿದ್ದಳು. ಮನೆಯಲ್ಲಿ ಅತ್ತಿಗೆಯದು ಇನ್ನೊಂದು ರಾಗ. “ಭಾನುವಾರ ಒಂದು ದಿನ ಕೈಗೆ ಸಿಗ್ತಿದ್ದೆ. ಅದನ್ನೂ ಆ ಮೇಡಂಗೆ ಬರ್ಕೊಟ್ಟೆಯಾ?”

ಮೇಡಂ ಒಂದು ಮುದ್ರಣಾಲಯದಲ್ಲಿ ತಪ್ಪು ತಿದ್ದುವವರು. ಐವತ್ತು ದಾಟಿದ ವಯಸ್ಸು. ಯಾವಾಗಲೂ ಅದೇ ಬೂದು ಅಂಗಿ. ಒಬ್ಬಳೇ ಬಂದರೂ ಹನ್ನೊಂದು ಜನರಿಗೆ ಹೇಳುವಷ್ಟೇ ದನಿಯಲ್ಲಿ ಪಾಠ ಹೇಳುತ್ತಿದ್ದರು.

ನಾಲ್ಕನೆಯ ವಾರ ಗ್ರಂಥಪಾಲಕರು ಬಾಗಿಲಲ್ಲಿ ತಲೆ ಹಾಕಿದರು. “ಮೇಡಂ, ಐದು ಜನ ಇಲ್ದಿದ್ರೆ ಕೋಣೆ ಕೊಡೋ ಹಾಗಿಲ್ಲ. ಮುಂದಿನ ತಿಂಗಳ ಕೊನೇಲಿ ಬಂದು ತಲೆ ಎಣಿಸ್ತೀನಿ.”

“ನಂದೂ ಸೇರಿಸಿದ್ರೆ ಎರಡಿದೆಯಲ್ಲ ಸಾರ್” ಎಂದು ಮೇಡಂ ನಕ್ಕರು. ಗ್ರಂಥಪಾಲಕರು ನಗಲಿಲ್ಲ.

ಹುಡುಗಿ ಬರೆದದ್ದನ್ನು ಓದುವವರು ಲೋಕದಲ್ಲಿ ಒಬ್ಬರೇ ಇದ್ದರು, ಅದೂ ಈ ಕೋಣೆ ಇರುವಷ್ಟು ದಿನ.

ಮುಂದಿನ ಭಾನುವಾರ ಅವಳು ಮೇಜಿನ ಮೇಲೆ ಐದು ಹಾಳೆ ಇಟ್ಟಳು. ಒಂದು ತನ್ನದು. ಉಳಿದ ನಾಲ್ಕನ್ನು ಮುಂದೆ ತಳ್ಳುತ್ತ, “ಪರಿಚಯದೋರು ಮೇಡಂ. ಭಾನುವಾರ ಡ್ಯೂಟಿ ಇರತ್ತೆ. ಬರೆದು ಕಳಿಸಿದಾರೆ” ಎಂದು ಒಂದೇ ಉಸಿರಿಗೆ ಹೇಳಿದಳು. ಆಸ್ಪತ್ರೆಯ ಅಡುಗೆಯವನು, ಬಸ್ ಕಂಡಕ್ಟರು, ಮದುವೆ ಗೊತ್ತಾದ ನರ್ಸು, ಲಿಫ್ಟ್ ನಡೆಸುವವನು. ನಾಲ್ಕು ಬಣ್ಣದ ಶಾಯಿ, ನಾಲ್ಕು ಬಗೆಯ ಅಕ್ಷರ. ಎಲ್ಲವನ್ನೂ ಊಟದ ವಿರಾಮದಲ್ಲಿ ಬಟ್ಟೆಯ ಥಾನುಗಳ ಹಿಂದೆ ಕೂತು ಅವಳೇ ಬರೆದಿದ್ದಳು.

ಮೇಡಂ ಒಬ್ಬೊಬ್ಬರಿಗೂ ಪುಟ ತುಂಬ ಉತ್ತರ ಬರೆದು ಕೊಟ್ಟರು. ಕಂಡಕ್ಟರಿಗೆ, ‘ಆ ಮುದುಕ ಇಳಿದುಹೋದ ಮೇಲೆ ನೀನು ತಿರುಗಿ ನೋಡಿದೆಯಾ? ಅದನ್ನು ಬರಿ.’ ನರ್ಸಿಗೆ, ‘ಹೆದರಿಕೆ ಅಂತ ಹೆಸರು ಹೇಳಬೇಡ, ನಿನ್ನ ಕೈ ಏನು ಮಾಡುತ್ತಿತ್ತು ಹೇಳು.’ ಹುಡುಗಿ ಕಾರ್ಖಾನೆಯಲ್ಲಿ ಆ ಕಾಗದಗಳನ್ನು ಮತ್ತೆ ಮತ್ತೆ ಓದಿದಳು. ಕಂಡಕ್ಟರು ತಿರುಗಿ ನೋಡಿದ. ನರ್ಸಿನ ಕೈ ಹಾಸಿಗೆಯ ಅಂಚನ್ನು ಮಡಚುತ್ತಲೇ ಇತ್ತು. ವಾರದಿಂದ ವಾರಕ್ಕೆ ನಾಲ್ವರಿಗೂ ಜೀವ ಬಂತು.

ಅವಳ ಸ್ವಂತ ಹಾಳೆಯ ಕೆಳಗೆ ಮಾತ್ರ ಪ್ರತಿ ಸಲ ಎರಡೇ ಪದ, ‘ಅಕ್ಷರ ಚೆನ್ನಾಗಿದೆ.’ ತಾನೇ ಹುಟ್ಟಿಸಿದವರ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಶುರುವಾಯಿತು.

ತಲೆ ಎಣಿಸುವ ಭಾನುವಾರ ಬಂತು. ಹುಡುಗಿ ಹೋದಾಗ ಮೇಡಂ ಐದು ಕುರ್ಚಿಗಳನ್ನು ದುಂಡಗೆ ಹಾಕಿ, ಒರೆಸಿ ಇಟ್ಟಿದ್ದರು. ಅವಳು ಹೊಸ್ತಿಲಲ್ಲೇ ನಿಂತಳು.

“ಅವರು ಬರಲ್ಲ ಮೇಡಂ” ಎಂದಳು. “ಅವರು... ಯಾರೂ ಇಲ್ಲ.”

“ಗೊತ್ತು, ಕೂತ್ಕೋ.”

“ಯಾವಾಗಿಂದ?”

“ನೀನು ಹಾಳೆ ತಂದ ಎರಡನೇ ವಾರದಿಂದ. ಅಡುಗೆಯವನು ರೋಗಿಯ ಕಾಲರ್ ನೋಡ್ತಾನೆ. ಕಂಡಕ್ಟರು ಮುದುಕನ ಕಾಲರ್ ನೋಡ್ತಾನೆ. ನರ್ಸು ಮದುವೆ ಗಂಡಿನ ಮುಖ ಬಿಟ್ಟು ಕಾಲರ್ ನೋಡ್ತಾಳೆ! ಒಂದೇ ಊರಲ್ಲಿ ಇಷ್ಟು ಜನಕ್ಕೆ ಅದೇ ಹುಚ್ಚು ಇರತ್ತೇನಮ್ಮ?”

ಹುಡುಗಿಗೆ ನಗು ಬಂತು, ಅಳುವೂ ಬಂತು. “ಮತ್ತೆ ಅವರಿಗೆಲ್ಲ ಯಾಕೆ ಉತ್ತರ ಬರೀತಿದ್ರಿ?”

ಮೇಡಂ ಒಂದು ಕುರ್ಚಿಯನ್ನು ಸುಮ್ಮನೆ ಸರಿಮಾಡಿದರು. “ನಂಗೆ ಮತ್ಯಾರು ಬರೀತಾರೆ ಹೇಳು.”

ಆಮೇಲೆ ಮೇಡಂ ಅವಳದೇ ಹೆಸರಿದ್ದ ಹಾಳೆ ತೆಗೆದರು. “ಇದೊಂದರಲ್ಲಿ ಕಾಲರ್ ಇಲ್ಲ. ಸೂರ್ಯೋದಯ ಇದೆ, ಹಕ್ಕಿಗಳ ಇಂಚರ ಇದೆ. ನೀನು ಸೂರ್ಯೋದಯ ನೋಡಿ ಎಷ್ಟು ವರ್ಷ ಆಯ್ತು?”

“ಆ ಹೊತ್ತಿಗೆ ಮೆಷಿನ್ ಮುಂದೆ ಇರ್ತೀನಿ.”

“ಹೂಂ. ಆ ನಾಲ್ಕು ಜನ ನಂಗೆ ಚೆನ್ನಾಗಿ ಗೊತ್ತು. ಇವಳು ಯಾರೋ ಗೊತ್ತಿಲ್ಲ.”

ಗ್ರಂಥಪಾಲಕರು ಬಂದರು, ಎಣಿಸಿದರು. ಎಣಿಸಲು ಹೆಚ್ಚೇನೂ ಇರಲಿಲ್ಲ. ಹುಡುಗಿಯ ಬಳಿ ಹಾಳೆಗಳಿದ್ದವು, ತೋರಿಸಬಹುದಿತ್ತು, ಇನ್ನೊಂದು ಸುಳ್ಳು ಹೇಳಬಹುದಿತ್ತು. ಮೇಡಂ ಬೇಡವೆಂದು ತಲೆಯಾಡಿಸಿ ಬೀಗದ ಕೈ ಕೊಟ್ಟುಬಿಟ್ಟರು. ಕೆಳಗೆ ರಸ್ತೆಗೆ ಬಂದ ಮೇಲೆ ಒಂದು ಚೀಟಿಯಲ್ಲಿ ತಮ್ಮ ವಿಳಾಸ ಬರೆದರು. “ನಂಗೆ ಗೊತ್ತಿಲ್ದಿರೋ ಅವಳಿಗೆ ಹೇಳು, ಬರೆದಿದ್ದನ್ನ ಅಂಚೆಗೆ ಹಾಕು ಅಂತ.” ಬಸ್ಸು ಬಂತು, ಹತ್ತಿದರು. ಹುಡುಗಿ ನೋಡುತ್ತ ನಿಂತಳು. ಕಿಟಕಿಯಲ್ಲಿ ಬೂದು ಅಂಗಿಯ ಕಾಲರ್ ಸ್ವಲ್ಪ ಹೊತ್ತು ಕಂಡು ಮರೆಯಾಯಿತು.

ಮನೆಯಲ್ಲಿ ಅತ್ತಿಗೆ ಕೇಳಿದಳು. “ಮುಗೀತಾ ನಿನ್ನ ಸ್ಕೂಲು?”

“ಮುಗೀತು ಅತ್ತಿಗೆ.”

“ಒಳ್ಳೇದಾಯ್ತು. ಬಾ, ಬಟ್ಟೆ ಮಡಚು.”

ಮರುದಿನ ಊಟದ ವಿರಾಮದಲ್ಲಿ ಥಾನುಗಳ ಹಿಂದೆ ಕೂತಳು. ಕಂಡಕ್ಟರು ಬರಲಿಲ್ಲ, ನರ್ಸೂ ಬರಲಿಲ್ಲ. ಬಹಳ ಹೊತ್ತು ಯಾರೂ ಬರಲಿಲ್ಲ. ವಿರಾಮ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಬರೆದಳು:

‘ನಮ್ಮ ಮೇಡಂ ಸವೆದ ಕಾಲರನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ತಾವೇ ಕೈಯಲ್ಲಿ ಹೊಲಿದುಕೊಂಡಿದ್ದಾರೆ. ಎಡಗಡೆ ಒಂದು ಗೆರೆಯಷ್ಟು ಸೊಟ್ಟ. ಮೊದಲ ದಿನವೇ ನೋಡಿದ್ದೆ. ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ ಹೊರಡುವಾಗ ಹೇಳುತ್ತಿದ್ದರು.’

ಇದನ್ನು ಅವರಿಗೇ ಕಳಿಸುವುದು ಹೇಗೆ ಎಂದು ಪೆನ್ನು ನಿಂತಿತು. ಗಂಟೆ ಹೊಡೆಯಿತು. ಪಕ್ಕದ ಮೆಷಿನ್ನಿನ ಅಕ್ಕ ಕೂಗಿದಳು. “ಏ ಕಾಲರ್, ಎಲ್ಲಿ ಸತ್ತೆ?”

“ಬಂದೆ ಅಕ್ಕ” ಎಂದಳು ಹುಡುಗಿ. ಹಾಳೆಯ ಕೆಳಗೆ ತನ್ನ ಹೆಸರು ಬರೆದು, ನಾಲ್ಕಾಗಿ ಮಡಚಿ, ವಿಳಾಸದ ಚೀಟಿಯ ಜೊತೆ ಇಟ್ಟುಕೊಂಡಳು. ಅಂಚೆ ಪೆಟ್ಟಿಗೆ ಮನೆಯ ದಾರಿಯಲ್ಲೇ ಇತ್ತು.