ಹಸಿರು ಗೆರೆಯ ಮುಳ್ಳು

ಹಸಿರು ಗೆರೆಯ ನಡುವೆ ನೆಟ್ಟಗೆ ಎದ್ದು ನಿಂತ ಒಂದು ಮುಳ್ಳು. ಪರದೆಯ ಮುಂದೆ ಕೂತು ನಾನೂ ನನ್ನ ಹಿರಿಯರಾದ ಇನ್ನಾಸಪ್ಪನವರೂ ಅದಕ್ಕೆ ಹಾಕದ ಶಾಪವಿರಲಿಲ್ಲ. ನಾವು ಪರೀಕ್ಷಿಸುತ್ತಿದ್ದದ್ದು ಆಂಬುಲೆನ್ಸಿಗೆಂದು ಮಾಡಿದ, ಹೃದಯಬಡಿತ ತೋರಿಸುವ ಯಂತ್ರ. ಅದರ ಬೋರ್ಡಿಗೆ ತಾಳ ಹಾಕುವ ಕ್ಲಾಕ್ ಸಿಗ್ನಲ್ ತೀರ ಚುರುಕಾಗಿ ಏರಿಳಿದು, ಗಾಳಿಗೆ ಹಾರಿ, ಆಂಬುಲೆನ್ಸಿನ ವೈರ್‌ಲೆಸ್ಸನ್ನೇ ಕೆಡಿಸುತ್ತಿತ್ತು; ಆ ಸೋರಿಕೆಯೇ ಪರದೆಯ ಮುಳ್ಳು. ಮುಳ್ಳು ಮಲಗದೆ ಯಂತ್ರಕ್ಕೆ ಒಪ್ಪಿಗೆಯಿರಲಿಲ್ಲ.

ಆ ಸೋರಿಕೆ ಅಳೆಯುವ ಕೋಣೆಯೋ, ಉಕ್ಕಿನ ಪೆಟ್ಟಿಗೆ. ಗೋಡೆಗೆಲ್ಲ ದಪ್ಪ ಸ್ಪಂಜು. ಒಳಗಿನ ಆಂಟೆನಾದಿಂದ ಹೊರಗಿನ ಪರದೆಗೆ ಒಂದೇ ತಂತಿ. ಅಳೆಯುವಾಗ ಒಳಗೆ ಯಾರೂ ಇರಬಾರದೆಂಬ ನಿಯಮ ಎಷ್ಟು ಗಟ್ಟಿಯಾಗಿತ್ತೆಂದರೆ, ಬಾಗಿಲು ಹಾಕುವ ಮುಂಚೆ ಯಾರೂ ಬಗ್ಗಿ ನೋಡುತ್ತಲೇ ಇರಲಿಲ್ಲ.

ಆ ಶನಿವಾರ ಮಧ್ಯಾಹ್ನ ಇನ್ನಾಸಪ್ಪನವರು ಟೀಗೆ ಹೋಗಿದ್ದರು. ನಾನು ಕೋಣೆಯೊಳಗೆ ಮೇಜಿನ ಹಿಂದೆ ಕೂತು, ಕ್ಲಾಕಿನ ಚುರುಕು ತಗ್ಗಿಸಲು ಅದರ ದಾರಿಗೆ ಅಡ್ಡವಾಗಿ ಎಳ್ಳಿನಷ್ಟು ರೆಸಿಸ್ಟರ್ ಬೆಸೆದು ಬೋರ್ಡ್ ಚಾಲೂ ಮಾಡಿದೆ. ಅಷ್ಟರಲ್ಲಿ ಧಡ್ ಎಂದು ಬಾಗಿಲು ಬಿತ್ತು, ದೀಪ ಆರಿತು. ಟೀ ಮುಗಿಸಿ ಬಂದ ಇನ್ನಾಸಪ್ಪನವರು ನಾನು ಮನೆಗೆ ಹೋದೆನೆಂದುಕೊಂಡು ಹೊರಗೆ ಅಳೆಯಲು ಕೂತಿದ್ದರು.

"ಸಾರ್! ನಾನಿಲ್ಲೇ ಇದ್ದೀನಿ ಸಾರ್!"

ಕೂಗನ್ನು ಸ್ಪಂಜು ನುಂಗಿತು. ಫೋನಿಗೆ ಸಿಗ್ನಲ್ ಎಲ್ಲಿಂದ ಬರಬೇಕು! ಬಾಗಿಲಿನ ಒಳಹಿಡಿ ಮುರಿದು ಯಾವ ಕಾಲವಾಗಿತ್ತೋ. ಆಗ ಹೊಳೆಯಿತು: ರೆಸಿಸ್ಟರ್ ಕೆಲಸ ಮಾಡಿದ್ದರೆ ಮುಳ್ಳು ಮಲಗಿರುತ್ತದೆ. ಇನ್ನಾಸಪ್ಪನವರು ಶಿಲುಬೆಯ ಗುರುತು ಮಾಡಿ, ಎಲ್ಲ ಆರಿಸಿ, ಬೀಗ ಜಡಿದು ಹೊರಡುತ್ತಾರೆ. ಸೋಮವಾರದವರೆಗೆ ಇತ್ತ ನರಪಿಳ್ಳೆಯೂ ಸುಳಿಯದು.

ಫೋನಿನ ಬೆಳಕಿನಲ್ಲಿ ರೆಸಿಸ್ಟರನ್ನು ಕಿತ್ತುಹಾಕಿದೆ. ಅಯ್ಯೋ, ಎಷ್ಟು ದಿನದ ಪಾಡು! ಅದು ಕೂತಿದ್ದ ಜಾಗದಲ್ಲಿ ಈಗ ದಾರಿ ತುಂಡು; ಅಲ್ಲಿಗೆ ಲೋಹದ ಚಿಮಟದ ತುದಿ ತಾಗಿಸಿದೆ, ತೆಗೆದೆ. ತಾಗಿಸಿದರೆ ಕ್ಲಾಕ್ ತಡೆಯಿಲ್ಲದೆ ಓಡಿ ಮುಳ್ಳು ಏಳುತ್ತದೆ, ತೆಗೆದರೆ ಕ್ಲಾಕ್ ನಿಂತು ಮಲಗುತ್ತದೆ. ಬಾಗಿಲು ತಟ್ಟಿದ ಹಾಗೆ ತಟ್ಟುತ್ತಲೇ ಹೋದೆ. ನೋಡಿ ಸಾರ್, ಒಂದು ಸಲ ತಿರುಗಿ ನೋಡಿ, ಎಂದು ಅಳುತ್ತಿದ್ದೆ.

ಬಾಗಿಲು ತೆರೆಯಿತು.

"ಮುಳ್ಳು ಮಲಗಿತ್ತು, ನಾನು ಬೀಗ ತಗೊಂಡು ಎದ್ದಿದ್ದೆ. ಅದು ಮತ್ತೆ ಎದ್ದು ಕುಣಿಯೋಕೆ ಶುರು ಮಾಡ್ತು. ಏನು ಪೀಡೆಯಪ್ಪಾ ಅಂತ ಬೋರ್ಡ್ ನೋಡೋಕೆ ಬಂದ್ರೆ..." ನನ್ನನ್ನು ಕಂಡು ಇನ್ನಾಸಪ್ಪನವರ ಮುಖ ಬಿಳಿಚಿಕೊಂಡಿತು. "ಯೇಸುವೇ! ನಿನ್ನ ಒಳಗಿಟ್ಟು ಬೀಗ ಹಾಕ್ತಿದ್ನಲ್ಲಮ್ಮಾ!"

ಸೋಮವಾರ ಹೊಸ ರೆಸಿಸ್ಟರ್ ಬೆಸೆದು, ಹೊರಗೆ ಬಂದು ಅವರ ಪಕ್ಕದಲ್ಲೇ ನಿಂತೆ. ಮುಳ್ಳು ಮಲಗಿತು. ಅವರು ನಗಲಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ತೆಗೆದರು.

"ನಾನಿಲ್ಲೇ ಇದ್ದೀನಿ ಸಾರ್," ಎಂದೆ.

"ಇರ್ಲಿ ಬಿಡಮ್ಮಾ," ಎಂದು ಅವರು ಬಗ್ಗಿ, ಖಾಲಿ ಕತ್ತಲೆಯೊಳಗೆ ನೋಡುತ್ತಲೇ ನಿಂತರು. ಪರದೆಯ ಮೇಲೆ ಹಸಿರು ಗೆರೆ ಸುಮ್ಮನೆ ಮಲಗಿತ್ತು.