ಹಿತವಾದ ಏರು

ಬೆಟ್ಟ, ಕಾಡು, ಜಲಾಶಯಗಳನ್ನು ದಾಟಿ ಹೋಗುವ ಮೂರು ದಿನದ ಸೈಕಲ್ ದಾರಿಯ ಬಗ್ಗೆ ಪ್ರವಾಸೋದ್ಯಮ ಕಚೇರಿ ಒಂದು ಪುಸ್ತಿಕೆ ತಂದಿತ್ತು. ಅದನ್ನು ಬರೆದ ಗುಮಾಸ್ತ ಸೈಕಲ್ ಹತ್ತಿ ಇಪ್ಪತ್ತಾರು ವರ್ಷಗಳಾಗಿದ್ದವು. ಆ ದಾರಿಯನ್ನಂತೂ ಅವನು ಕನಸಿನಲ್ಲೂ ಕಂಡವನಲ್ಲ. ಎರಡನೇ ಮಹಡಿಯ ತನ್ನ ಮೇಜಿನ ಮೇಲೆ ಹಳೆಯ ನಕ್ಷೆಯೊಂದನ್ನು ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಗೋಂದಿನ ಬಾಟಲಿ, ಇನ್ನೊಂದು ಮೂಲೆಗೆ ಊಟದ ಡಬ್ಬಿ ಇಟ್ಟು, ರಸ್ತೆಯ ಗೆರೆಯುದ್ದಕ್ಕೂ ದಾರ ಹಾಸಿ ದೂರ ಅಳೆದು, ಮಧ್ಯಾಹ್ನ ಊಟದ ಹೊತ್ತಿಗೆ ನೂರಾ ಹದಿನೆಂಟು ಕಿಲೋಮೀಟರನ್ನೂ ಕ್ರಮಿಸಿ ಮುಗಿಸಿದ್ದ.

ಬರವಣಿಗೆ ಮಾತ್ರ ಸೊಗಸಾಗಿತ್ತು. ‘ಹದಿನಾಲ್ಕನೇ ಕಿಲೋಮೀಟರಿನಿಂದ ಹಿತವಾದ ಏರು’, ‘ದಣಿದವರಿಗಾಗಿ ಕಾಡಿನ ನಡುವೆ ಕಾದಿರುವ ವಿಶ್ರಾಂತಿಗೃಹ’, ‘ಕೊನೆಗೆ ರಸ್ತೆ ಜಲಾಶಯದ ಮಡಿಲು ಸೇರುತ್ತದೆ’. ಕಚೇರಿಯವರೆಲ್ಲ ಓದಿ ಬೆನ್ನು ತಟ್ಟಿದ್ದರು. ಅವರಲ್ಲೂ ಯಾರೂ ಸೈಕಲ್ ಹೊಡೆಯುವವರಿರಲಿಲ್ಲ.

ಆಮೇಲೆ ಒಂದರ ಹಿಂದೊಂದು ಐದು ಪತ್ರಗಳು ಬಂದವು. ಐದೂ ಒಂದೇ ಕೈಬರಹ. ಬರೆದವರು ಹೆರಿಗೆ ವಾರ್ಡಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ರೋಗಿಯ ಹಾಸಿಗೆಗೆ ತೂಗುಹಾಕುವ ಚೀಟಿಯ ಹಾಗೆ ಚುಟುಕಾಗಿ, ಗೆರೆ ಹಾಕಿ ಬರೆಯುತ್ತಿದ್ದರು: ‘ಕಿ.ಮೀ. ಹದಿನಾಲ್ಕು. ಹಿತವಾದ ಏರು ಎಂದಿದ್ದೀರಿ. ಯಾರಿಗೆ?’ ಗುಮಾಸ್ತ ಐದಕ್ಕೂ ‘ತಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂದು ಉತ್ತರ ಬರೆದು ಕೈತೊಳೆದುಕೊಂಡ. ಆರನೆಯ ಪತ್ರ ನೇರವಾಗಿ ನಿರ್ದೇಶಕಿಯ ಮೇಜಿಗೆ ಹೋಯಿತು.

ನಿರ್ದೇಶಕಿ ಅವನನ್ನು ಕರೆಸಿದರು. “ಎರಡನೇ ಮುದ್ರಣ ಬರ್ತಾ ಇದೆ. ಅದಕ್ಕೆ ಮುಂಚೆ ನೀವೊಂದ್ಸಲ ಈ ಪತ್ರ ಬರೆದವರ ಜೊತೆ ಹೋಗಿ ದಾರಿ ನೋಡ್ಕೊಂಡು ಬನ್ನಿ.”

“ಜೀಪು ಯಾವಾಗ ಸಿಗತ್ತೆ ಮೇಡಂ?”

“ಸೈಕಲ್ ದಾರಿ ಕಣ್ರೀ ಅದು,” ಎಂದರು ನಿರ್ದೇಶಕಿ, ಕಡತದಿಂದ ತಲೆ ಎತ್ತದೆ.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. ನಕ್ಕು ಸುಸ್ತಾದ ಮೇಲೆ ಕನಿಕರ ಹುಟ್ಟಿ, ಹಳೆಯ ಸೋಫಾದ ದಿಂಬು ಬಿಚ್ಚಿ, ಒಳಗಿನ ಸ್ಪಂಜನ್ನು ಕತ್ತರಿಸಿ ಅವನ ಪ್ಯಾಂಟಿನ ಹಿಂಭಾಗಕ್ಕೆ ಒಳಗಿನಿಂದ ಹೊಲಿದುಕೊಟ್ಟಳು. ಗುಮಾಸ್ತ ಅದನ್ನು ಹಾಕಿಕೊಂಡು ಕನ್ನಡಿಯೆದುರು ಒಂದು ಸುತ್ತು ತಿರುಗಿದ. “ರೀ, ಯಾರಿಗೂ ಬೆನ್ನು ತೋರಿಸ್ಬೇಡಿ, ಅಷ್ಟೇ,” ಎಂದಳು ಹೆಂಡತಿ. ಭಾವಮೈದ ತನ್ನ ಸೈಕಲ್ಲನ್ನು ತಂದು ಬಾಗಿಲಿಗೆ ಒರಗಿಸಿ, “ಭಾವ, ಇಪ್ಪತ್ತೊಂದು ಗೇರ್ ಇದೆ. ಬೆಟ್ಟ ಅದೇ ಹತ್ತತ್ತೆ, ನೀವು ಸುಮ್ನೆ ಕೂತಿದ್ರೆ ಸಾಕು,” ಎಂದ. ಗುಮಾಸ್ತ ಅದನ್ನು ಅಕ್ಷರಶಃ ನಂಬಿದ.

ಬೆಳಿಗ್ಗೆ ಆರೂವರೆಗೆ ಬಸ್ ನಿಲ್ದಾಣದ ಮುಂದೆ ನರ್ಸಮ್ಮ ಕಾಯುತ್ತಿದ್ದರು. ಅರವತ್ತಮೂರರ ಗಿಡ್ಡ ಹೆಂಗಸು. ಕನ್ನಡಕಕ್ಕೆ ದಾರ, ಮುಂದೆ ಬುಟ್ಟಿ ಕಟ್ಟಿದ ಕಬ್ಬಿಣದ ಹಳೇ ಸೈಕಲ್. ಅದಕ್ಕೆ ಮೂರೇ ಗೇರ್. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವೇನಾ ‘ಗಮನಿಸಲಾಗಿದೆ’?” ಎಂದರು.

“ಹೌದಮ್ಮಾ,” ಎಂದ ಗುಮಾಸ್ತ ಮೆಲ್ಲಗೆ.

“ಬಿಪಿ ಎಷ್ಟಿದೆ?”

ಹದಿಮೂರು ಕಿಲೋಮೀಟರ್ ಅವನು ಹಾಡಿಕೊಂಡೇ ಹೋದ. ಹದಿನಾಲ್ಕನೆಯದರಲ್ಲಿ ರಸ್ತೆ ಒಂದು ತಿರುವು ತೆಗೆದುಕೊಂಡು, ಆಕಾಶಕ್ಕೆ ಏಣಿ ಹಾಕಿದ ಹಾಗೆ ಎದ್ದು ನಿಂತಿತು. ಗುಮಾಸ್ತ ಒಂದೊಂದೇ ಗೇರ್ ಬದಲಿಸಿದ. ಇಪ್ಪತ್ತೊಂದೂ ಮುಗಿದವು; ಬೆಟ್ಟ ಮುಗಿಯಲಿಲ್ಲ. ಎದೆ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು, ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ನರ್ಸಮ್ಮ ಪಕ್ಕದಲ್ಲೇ ತರಕಾರಿ ತರಲು ಹೊರಟವರ ಹಾಗೆ ಬರುತ್ತಿದ್ದರು. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡದ್ದೇ ಅವರ ದನಿ ಬದಲಾಯಿತು. ಮೂವತ್ತೆಂಟು ವರ್ಷ ವಾರ್ಡಿನಲ್ಲಿ ಮೊಳಗಿದ ದನಿ ಅದು.

“ಬಾಯಲ್ಲಿ ಉಸಿರು ಬಿಡಿ. ಉದ್ದಕ್ಕೆ. ಹಾಂ. ಈಗ್ಲೇ ತಳ್ಳಬೇಡಿ. ನಾನು ಹೇಳಿದಾಗ ತಳ್ಳಿ.”

“ಆಗಲ್ಲಮ್ಮಾ...”

“ಎಲ್ಲರೂ ಹಾಗೇ ಅಂತಾರೆ. ತಿರುವು ಬಂತು ನೋಡಿ... ಈಗ ತಳ್ಳಿ! ತಳ್ಳಿ! ಇನ್ನೊಂಚೂರು! ಆಯ್ತು, ಆಯ್ತು, ಈಗ ಸುಧಾರಿಸ್ಕೊಳ್ಳಿ.”

ಎದುರಿನಿಂದ ಇಳಿದು ಬರುತ್ತಿದ್ದ ಲಾರಿಯ ಚಾಲಕ ಗಾಬರಿಯಿಂದ ಬ್ರೇಕ್ ಹಾಕಿ, ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾ ಎಂದು ಕೇಳಿದ. ನರ್ಸಮ್ಮ, “ಬೇಡಪ್ಪಾ, ಇನ್ನು ಮೂರು ಗಂಟೇಲಿ ಆಗ್ಬಿಡತ್ತೆ,” ಎಂದು ಅವನನ್ನು ಸಾಗಹಾಕಿದರು.

ಮೂರು ಗಂಟೆಯಲ್ಲೇ ಆಯಿತು. ನೆತ್ತಿಯ ಮೇಲೆ ಗುಮಾಸ್ತ ಹುಲ್ಲಿನಲ್ಲಿ ಅಂಗಾತ ಬಿದ್ದುಕೊಂಡು ಅತ್ತ. ಯಾಕೆ ಅಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ನರ್ಸಮ್ಮ ಬುಟ್ಟಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಸುಲಿದು ಕೊಟ್ಟು, “ಅಳಿ, ಒಳ್ಳೇದೇ. ಇಲ್ಲಿ ನಾನೂ ಮೊದಲ ಸಲ ಅತ್ತಿದ್ದೆ,” ಎಂದರು. ಆ ಮಾತು ಕೇಳಿದ ಮೇಲೆ ಅವನಿಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಇನ್ನರ್ಧ ಇಳಿದದ್ದು ಎರಡನೇ ದಿನ. ಕಾಡಿನಲ್ಲಿ ಮಳೆ ಹಿಡಿಯಿತು. ಸೋಫಾದ ಸ್ಪಂಜು ಅಷ್ಟೂ ಮಳೆಯನ್ನು ಹೀರಿಕೊಂಡು, ಗುಮಾಸ್ತ ಪೆಡಲ್ ತುಳಿದಾಗೆಲ್ಲ ‘ಪಚಕ್’ ಎನ್ನತೊಡಗಿತು. ಇಬ್ಬರೂ ಸ್ವಲ್ಪ ಹೊತ್ತು ಕೇಳಿಸದವರಂತೆ ನಟಿಸಿದರು. ಕೊನೆಗೆ ನರ್ಸಮ್ಮನೇ, “ನಾಚ್ಕೋಬೇಡಿ, ಇಳಿದು ಹಿಂಡ್ಕೊಂಡು ಬನ್ನಿ, ನಾನು ಆ ಕಡೆ ತಿರುಗಿರ್ತೀನಿ,” ಎಂದರು. ಮರದ ಮರೆಯಲ್ಲಿ ಅವನು ಪ್ಯಾಂಟು ಹಿಂಡುತ್ತಿದ್ದರೆ ಅವರು ಆ ಕಡೆ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದರು. ಅವನಿಗೂ ನಗು ಬಂತು. ಸರ್ಕಾರಿ ಕೆಲಸದ ಮೇಲೆ ಹೊರಟಾಗ ಅವನು ಇಷ್ಟು ನಕ್ಕದ್ದು ಇದೇ ಮೊದಲು.

‘ದಣಿದವರಿಗಾಗಿ ಕಾದಿರುವ ವಿಶ್ರಾಂತಿಗೃಹ’ ಸಂಜೆ ಐದಕ್ಕೆ ಸಿಕ್ಕಿತು. ಅದೊಂದು ತಗಡಿನ ಗೋದಾಮು. ಬಾಗಿಲಲ್ಲಿ ಕಾವಲಿನ ಮುದುಕ ಸ್ಟೂಲಿನ ಮೇಲೆ ಕೂತಿದ್ದ. ಒಳಗೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಹಲಗೆಗಳ ರಾಶಿ. ಗುಮಾಸ್ತ ಒಂದನ್ನು ಎಳೆದು ನೋಡಿದ. ಹಸಿರು ಬಣ್ಣ, ಬಿಳಿ ಸೈಕಲ್, ಬಾಣದ ಗುರುತು: ನಾಲ್ಕು ವರ್ಷದ ಹಿಂದೆ ಅವನೇ ವಿನ್ಯಾಸ ಮಾಡಿಸಿದ ದಾರಿಸೂಚಕಗಳು. ಎಪ್ಪತ್ತೆರಡೂ ಇದ್ದವು.

“ಕಚೇರಿಯವರಾ ಸಾರ್?” ಎಂದು ಮುದುಕ ಎದ್ದು ನಿಂತ. “ಅಂತೂ ಬಂದ್ರಲ್ಲ! ಯಾರಾದ್ರೂ ಬಂದು ರುಜು ಹಾಕಿ ತಗೊಂಡ್ಹೋಗ್ತಾರೆ ಅಂತ ನಾಲ್ಕು ವರ್ಷದಿಂದ ಕಾಯ್ತಾ ಇದೀನಿ.”

“ನಿಮ್ಮ ಪುಸ್ತಕ ಸುಳ್ಳು ಹೇಳಿಲ್ಲ ಬಿಡಿ,” ಎಂದರು ನರ್ಸಮ್ಮ. “ಕಾದಿರೋದೇನೋ ಕಾದಿದೆ.”

ಮುದುಕ ಟೀ ಕಾಯಿಸಿಕೊಟ್ಟ. ಹಲಗೆಗಳನ್ನೇ ನೆಲಕ್ಕೆ ಹಾಸಿ, ಕಂಬಳಿ ಹೊದ್ದು ಮೂವರೂ ಮಲಗಿದರು. ಬೆಳಿಗ್ಗೆ ಗುಮಾಸ್ತ ಎಪ್ಪತ್ತೆರಡಕ್ಕೂ ರುಜು ಹಾಕಿ, ವಾರದೊಳಗೆ ನೆಡಿಸುವುದಾಗಿ ಮಾತು ಕೊಟ್ಟು ಹೊರಟ.

ಮೂರನೇ ದಿನ ಬಿಸಿಲು ಚೆನ್ನಾಗಿತ್ತು. ಮರಗಳು ತೆಳುವಾದವು, ಕೆಳಗೆ ಜಲಾಶಯ ಹಾಸಿಕೊಂಡು ಹೊಳೆಯುತ್ತಿತ್ತು. ರಸ್ತೆ ಇಳಿಜಾರು. ಗುಮಾಸ್ತ ಖುಷಿಯಿಂದ ಮುಂದೆ ಮುಂದೆ ಹೋಗುತ್ತಿದ್ದವನು ಒಮ್ಮೆಲೇ ಎರಡೂ ಬ್ರೇಕ್ ಹಿಚುಕಿದ. ರಸ್ತೆ ಹಾಗೇ ನೆಟ್ಟಗೆ ಹೋಗಿ ನೀರಿನೊಳಗೆ ಇಳಿದಿತ್ತು. ಎರಡು ಮೈಲಿಗಲ್ಲುಗಳಲ್ಲಿ ಒಂದು ಸೊಂಟದವರೆಗೆ ಮುಳುಗಿತ್ತು, ಇನ್ನೊಂದರ ನೆತ್ತಿಯಷ್ಟೇ ಕಾಣುತ್ತಿತ್ತು. ಅವನ ನಕ್ಷೆ, ಅಣೆಕಟ್ಟನ್ನು ಎತ್ತರಿಸುವುದಕ್ಕೂ ಮುಂಚಿನದು.

“ಇದನ್ನ ಪತ್ರದಲ್ಲಿ ಬರೀಲೇ ಇಲ್ವಲ್ಲಮ್ಮಾ!”

“ಇದನ್ನ ನೀವೇ ಕಣ್ಣಾರೆ ನೋಡ್ಲಿ ಅಂತ ಇಟ್ಟಿದ್ದೆ,” ಎಂದರು ನರ್ಸಮ್ಮ ಸೈಕಲ್ಲಿನಿಂದ ಇಳಿಯುತ್ತ.

ಅಲ್ಲಿ ಅವರಿಬ್ಬರೇ ಇರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ನೀರಿನಂಚಿನಲ್ಲಿ ನಿಂತು ಜಗಳವಾಡುತ್ತಿತ್ತು. ಗಂಡನ ಕೈಯಲ್ಲಿ ಪುಸ್ತಿಕೆ. ಅವನು ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಸೈಕಲ್ ಹಿಡಿದು ನೀರಿಗೆ ಇಳಿಯಲು ಸಿದ್ಧನಾಗಿದ್ದ.

“ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ ಕಣೇ. ಮುಂದೆ ಎಂಟು ಕಿಲೋಮೀಟರ್ ಇದೇ ರಸ್ತೆ. ಆಳ ಇರಲ್ಲ. ಸರ್ಕಾರದೋರು ಸುಳ್ಳು ಬರೀತಾರಾ?”

“ಇದನ್ನ ಬರೆದವನು ನನ್ನ ಕೈಗೆ ಸಿಗ್ಬೇಕು,” ಎಂದಳು ಹೆಂಡತಿ. “ಮೊದಲು ಅವನನ್ನ ಇಳಿಸ್ತೀನಿ, ಆಳ ಎಷ್ಟಿದೆ ನೋಡೋಕೆ.”

ನರ್ಸಮ್ಮ ಗುಮಾಸ್ತನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸತೊಡಗಿದರು. ಗುಮಾಸ್ತನಿಗೆ ತಿರುಗಿ ಓಡಿಬಿಡೋಣ ಅನ್ನಿಸಿತು. ಆದರೆ ಹಿಂದೆ ಇದ್ದದ್ದು ಏರು. ಅಷ್ಟರಲ್ಲಿ ಆ ಹುಡುಗನ ಮುಂದಿನ ಚಕ್ರ ನೀರಿಗಿಳಿಯಿತು. ಗುಮಾಸ್ತ ಓಡಿಹೋಗಿ ಅವನ ಕ್ಯಾರಿಯರ್ ಹಿಡಿದು ಎಳೆದ.

“ಇಳೀಬೇಡಿ! ಅದು ಸುಳ್ಳು. ನಾನೇ ಬರೆದದ್ದು. ನಾನು ಇಲ್ಲಿಗೆ ಬಂದೇ ಇರ್ಲಿಲ್ಲ.”

ಹುಡುಗಿ ಅವನನ್ನು, ಅವನ ಕೆಸರು ಬಟ್ಟೆಯನ್ನು, ಹಿಂಡಿ ಒಣಗಿಸಿ ಆಕಾರ ಕೆಟ್ಟ ಸ್ಪಂಜಿನ ಉಬ್ಬನ್ನು ನೋಡಿದಳು. ಬೈಯಲು ತೆರೆದ ಬಾಯಿಂದ ನಗು ಹೊರಟಿತು. ಚೀಲದಿಂದ ಪೆನ್ನು ತೆಗೆದು, ಗಂಡನ ಕೈಯಿಂದ ಪುಸ್ತಿಕೆ ಕಿತ್ತುಕೊಂಡು ಅವನ ಮುಂದೆ ಹಿಡಿದಳು. “ತಿದ್ದಿ. ಇಲ್ಲೇ, ನನ್ನ ಕಣ್ಣೆದುರಿಗೇ.”

ಗುಮಾಸ್ತ ಮೊಣಕಾಲ ಮೇಲಿಟ್ಟುಕೊಂಡು ‘ಜಲಾಶಯದ ಮಡಿಲು’ ಇದ್ದ ಸಾಲನ್ನು ಹೊಡೆದುಹಾಕಿ, ‘ಮುಂದೆ ನೀರು. ನಿಲ್ಲಿ’ ಎಂದು ಬರೆದ. ಹದಿನೇಳು ವರ್ಷದ ನೌಕರಿಯಲ್ಲಿ ಅವನು ಬರೆದ ಅತಿ ಚಿಕ್ಕ ವಾಕ್ಯ ಅದು.

ಆಚೆ ದಡಕ್ಕೆ ಉಳಿದದ್ದು ಒಂದೇ ದಾರಿ, ಅಣೆಕಟ್ಟಿನ ಮೇಲಿನದು. ಅದರ ಗೇಟಿನಲ್ಲಿ ಸೀಟಿ ಕಟ್ಟಿಕೊಂಡ ಕಾವಲುಗಾರ ಬೋರ್ಡು ತೋರಿಸಿದ: ‘ವಾಹನ ಸಂಚಾರ ನಿಷೇಧಿಸಲಾಗಿದೆ.’ ನರ್ಸಮ್ಮ ಗದರಿಸಿ ನೋಡಿದರು, ಹುಡುಗಿ ಬೇಡಿಕೊಂಡು ನೋಡಿದಳು. ಅವನು ಜಗ್ಗಲಿಲ್ಲ. ಆಗ ಗುಮಾಸ್ತ ಮುಂದೆ ಬಂದ. ಬೆಟ್ಟ ಅವನ ಸೀಮೆಯಲ್ಲ, ಕಾಡು ಅವನ ಸೀಮೆಯಲ್ಲ. ಕಚೇರಿಯ ಭಾಷೆ ಮಾತ್ರ ಅವನದೇ.

“ನಿಷೇಧ ಇರೋದು ಸಂಚಾರಕ್ಕೆ ತಾನೇ? ಚಕ್ರ ಉರುಳಿದ್ರೆ ಸಂಚಾರ. ಹೆಗಲ ಮೇಲೆ ಹೊತ್ಕೊಂಡು ಹೋದ್ರೆ?”

ಕಾವಲುಗಾರ ತಲೆ ಕೆರೆದುಕೊಂಡ. ಬೋರ್ಡನ್ನು ಇನ್ನೊಮ್ಮೆ ಓದಿದ. “ಹೊತ್ಕೊಂಡ್ರೆ... ಅದು ಸಾಮಾನು.”

“ಸಾಮಾನಿಗೆ ನಿಷೇಧ ಇದೆಯಾ?”

“ಬರೆದಿಲ್ಲ.”

ನಾಲ್ಕು ಜನ ನಾಲ್ಕು ಸೈಕಲ್ ಹೊತ್ತು ಹೊರಟರು. ಗುಮಾಸ್ತ ತನ್ನ ಹಗುರ ಸೈಕಲ್ಲನ್ನು ನರ್ಸಮ್ಮನಿಗೆ ಕೊಟ್ಟು, ಅವರ ಕಬ್ಬಿಣದ್ದನ್ನು ತಾನು ಹೊತ್ತ. ಎಂಟುನೂರು ಮೀಟರ್. ಅರ್ಧಕ್ಕೆ ಬರುವಾಗ ಹೆಗಲು ಕಿತ್ತು ಬರುವಂತಾಗಿ ಸೈಕಲ್ಲನ್ನು ಇಳಿಸಿದನಷ್ಟೇ, ಹಿಂದಿನಿಂದ ಸೀಟಿ ಕೂಗಿತು.

“ಚಕ್ರ ತಾಗಿಸ್ಬೇಡ್ರೀ! ನೆಲಕ್ಕೆ ತಾಗಿದ್ರೆ ವಾಹನ!”

“ತಲೆಕೆಳಗೆ ಮಾಡಿ ಇಡಿ,” ಎಂದು ನರ್ಸಮ್ಮ ಪಿಸುಗುಟ್ಟಿದರು. ಅವನು ಸೀಟು ಕೆಳಗೆ, ಚಕ್ರ ಮೇಲೆ ಮಾಡಿ ನಿಲ್ಲಿಸಿದ. ಕಾವಲುಗಾರ ದೂರದಿಂದಲೇ ನೋಡಿ, ತೃಪ್ತಿಯಾಗಿ, ಸೀಟಿಯನ್ನು ಜೇಬಿಗಿಳಿಸಿದ.

ಆಚೆ ದಡದಿಂದ ದಾರಿ ಕೊನೆಯಾಗುವ ಊರಿನವರೆಗೆ ಹನ್ನೆರಡು ಕಿಲೋಮೀಟರ್ ಒಂದೇ ಇಳಿಜಾರು. ಗುಮಾಸ್ತನ ಕೈ ಬ್ರೇಕಿನ ಮೇಲಿತ್ತು, ಆದರೆ ಒತ್ತಲಿಲ್ಲ. ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನು ಉಬ್ಬಿಸಿತು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬಂಡೆ. ಇದಕ್ಕೊಂದು ಒಳ್ಳೆಯ ವಿಶೇಷಣ ಹುಡುಕಬೇಕೆಂದು ಹೊರಟವನು ಯಾವುದನ್ನೂ ಹುಡುಕದೆ ಊರು ಮುಟ್ಟಿದ.

ಅಲ್ಲಿನ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಹೊಸ ಜೋಡಿ ವಿದಾಯ ಹೇಳಿ ಹೋಯಿತು. ನರ್ಸಮ್ಮ ಎರಡು ಬ್ರೆಡ್ಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದಿರುವಂತೆಯೇ ಗೋಡೆಗೊರಗಿ ನಿದ್ದೆಹೋದರು. ಗುಮಾಸ್ತ ಸದ್ದಾಗದಂತೆ ಕಾಗದ ತೆಗೆದು ಬರೆಯತೊಡಗಿದ. ಮುಂದೆ ಎರಡನೇ ಮುದ್ರಣವಾದದ್ದು ಆ ಹಾಳೆಗಳೇ. ‘ಇಲ್ಲಿ ಅಳು ಬರಬಹುದು, ಸಂಕೋಚ ಬೇಡ’ ಎಂಬ ಸಾಲಿಗಾಗಿ ನಿರ್ದೇಶಕಿಯೊಡನೆ ಅವನು ಮೂರು ದಿನ ವಾದ ಮಾಡಬೇಕಾಯಿತು. ಸಾಲು ಉಳಿಯಿತು, ದಾರಿ ಹಿಡಿದವರೂ ಹೆಚ್ಚಾದರು. ಆದರೆ ಅದು ಆಮೇಲಿನ ಮಾತು.

ಆಗ ಮನೆಯ ಕಡೆಗೆ ಹೋಗುವ ಐದು ಗಂಟೆಯ ಬಸ್ಸು ಬಂದು ನಿಂತಿತು. ಗುಮಾಸ್ತ ಬಸ್ಸನ್ನು ನೋಡಿದ, ನರ್ಸಮ್ಮನನ್ನು ನೋಡಿದ. ನಿರ್ವಾಹಕ ಎರಡು ಸಲ ಕೂಗಿ ಕರೆದ. ಗುಮಾಸ್ತ ಕೈಯಾಡಿಸಿ ಬೇಡವೆಂದ.

ಬಸ್ಸಿನ ಸದ್ದಿಗೆ ಅವರಿಗೆ ಎಚ್ಚರವಾಯಿತು. “ಹೋಯ್ತಾ?”

“ಹೋಯ್ತಮ್ಮಾ. ಇನ್ನೊಂದು ಆರೂವರೆಗೆ.”

“ಎಬ್ಬಿಸ್ಬಾರ್ದಿತ್ತಾ?”

“ಮನಸ್ಸಾಗಲಿಲ್ಲ.”

ನರ್ಸಮ್ಮ ಅವನನ್ನು ಒಂದು ಕ್ಷಣ ದಿಟ್ಟಿಸಿ, ಕೈಯಲ್ಲಿದ್ದ ಬ್ರೆಡ್ಡನ್ನು ಮುರಿದು ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದರು.