ಲುವೆಲ್ಲಾಳ ನಡೆ

ಲುವೆಲ್ಲಾ ಹಾರ್ಗ್ರೋವ್ ನಡೆದು ಬರುವುದನ್ನು ಮೊದಲ ಬಾರಿ ಕಂಡವರು, ಈಕೆ ಎಲ್ಲಿ ಎಡವಿ ಬೀಳುತ್ತಾಳೋ ಎಂದು ತಮಗರಿಯದೆಯೇ ಕೈ ಮುಂದೆ ಚಾಚುತ್ತಿದ್ದರು. ಎಡಗಾಲು ಎಲ್ಲರ ಕಾಲಿನಂತೆಯೇ ನೆಲ ಮುಟ್ಟುತ್ತಿತ್ತು. ಬಲಗಾಲು ಮಾತ್ರ ಬರಬೇಕಾದ ಕ್ಷಣಕ್ಕೆ ಬಾರದೆ, ಗಾಳಿಯಲ್ಲಿಯೇ ತುಸು ಯೋಚಿಸಿ, ನೋಡುವವರ ಸಹನೆ ಇನ್ನೇನು ಮುಗಿಯಿತೆನ್ನುವಾಗ ದೊಪ್ಪನೆ ಇಳಿಯುತ್ತಿತ್ತು. ಅದನ್ನು ಕುಂಟು ಎನ್ನಲಾಗದು. ಕುಂಟುವವರ ಆಯಾಸ ಆ ಮುಖದಲ್ಲಿ ಇರಲಿಲ್ಲ. ಆಕೆಯ ಬೆನ್ನ ಹಿಂದೆ ನಿಂತು ವರ್ಷಗಟ್ಟಲೆ ಟ್ರಾಂಬೋನ್ ಊದಿದ ನಾನು ಈ ನಡೆಯ ಮೂಲವನ್ನು ಎಷ್ಟೋ ಸಲ ಕೆದಕಿದ್ದೇನೆ. ಒಮ್ಮೆ, ಕೆರೋಲೈನಾದಲ್ಲಿ ಹತ್ತಿಯ ಗಾಡಿಯಿಂದ ಬಿದ್ದೆ ಎಂದಳು. ಇನ್ನೊಮ್ಮೆ, ಅಜ್ಜಿಯಿಂದ ಬಂದ ಬಳುವಳಿ ಎಂದಳು. ಕಡೆಗೊಂದು ದಿನ ನನ್ನನ್ನೇ ದಿಟ್ಟಿಸಿ, "ನೀನ್ಯಾಕಪ್ಪಾ ಎಲ್ರ ಜೊತೆ ಒಟ್ಟಿಗೇ ಕಾಲು ಇಡ್ತೀಯಾ? ಮೊದ್ಲು ಅದನ್ನ ಹೇಳು" ಎಂದಳು.

ಪ್ರಶ್ನೆಗೆ ಪ್ರಶ್ನೆಯನ್ನೇ ಕೊಡುವುದು ಆಕೆಯ ಸ್ವಭಾವ. ಹಗಲು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಶನಿವಾರ ನಮ್ಮ ತಂಡದ ಹಾಡು, ಭಾನುವಾರ ಚರ್ಚು. ಎಲ್ಲ ಕಡೆಗೂ ಮೊಣಕಾಲು ದಾಟಿದ ಅದೇ ಗಂಡಸರ ಕಪ್ಪು ಕೋಟು, ಅದರ ಜೇಬಿನಲ್ಲಿ ಪೆಪ್ಪರ್‌ಮಿಂಟು. ಚರ್ಚಿನಲ್ಲಿ ಪಾದ್ರಿಯ ಉಪದೇಶದ ನಡುವೆ, "ಹೌದು ಸ್ವಾಮಿ, ಆದ್ರೆ ಯಾವಾಗ?" ಎಂದು ಹಿಂದಿನ ಸಾಲಿನಿಂದ ಆಕೆಯ ಮಂದ್ರಸ್ವರ ಏಳುತ್ತಿದ್ದುದನ್ನು ಕೇಳಿ ಹಿರಿಯರು ಕೆಮ್ಮುತ್ತಿದ್ದರು.

ನಾವಿಬ್ಬರೂ ಆಗ ಬ್ರಾಂಕ್ಸಿನ ಒಂದೇ ಕಟ್ಟಡದಲ್ಲಿದ್ದೆವು. ಒಂದು ಜನವರಿಯಲ್ಲಿ ನಮ್ಮ ಮನೆಗಳನ್ನು ಬಿಸಿಯಾಗಿಡುವ ನೆಲಮಾಳಿಗೆಯ ಬಾಯ್ಲರ್ ಸತ್ತುಹೋಯಿತು. ಮಾಲೀಕ ಕಿವಿಗೆ ಹತ್ತಿ ತುರುಕಿಕೊಂಡ. ನಾಲ್ಕನೆಯ ಮಹಡಿಯ ಮುದುಕಿ ಕಲ್ಪೆಪ್ಪರಮ್ಮ ಎದೆಕಫ ಕಟ್ಟಿ ಆಸ್ಪತ್ರೆ ಸೇರಿದಳು, ಮರಳಲಿಲ್ಲ. ಶವಸಂಸ್ಕಾರ ಮುಗಿಸಿದವರು ಅದೇ ನೆಲಮಾಳಿಗೆಯಲ್ಲಿ ಸಭೆ ಸೇರಿದೆವು. ಮೊದಲು ಮಾತಾಡಲು ಎಲ್ಲರೂ ಹಿಂಜರಿಯುತ್ತಿದ್ದಾಗ ಲುವೆಲ್ಲಾ ಎದ್ದು, ಆ ಕಡೆಯಿಂದ ಈ ಕಡೆಗೆ ನಡೆಯುತ್ತ, "ಯಾರ್ಯಾರಿಗೆ ಚಳಿ?" ಎಂದಳು. ಒಂದು ಕೈಯೂ ಏಳಲಿಲ್ಲ. ನಮ್ಮ ತಂಡದ ಡ್ರಮ್ಮು ಬಾರಿಸುವ ಎಝೆಲ್, ಆಕೆಯ ಕಾಲನ್ನೇ ನೋಡುತ್ತ, ತಣ್ಣಗಿದ್ದ ಬಾಯ್ಲರಿನ ಮೇಲೆ ಬೆರಳುಗಳಿಂದ ಆ ನಡೆಯನ್ನೇ ಬಾರಿಸತೊಡಗಿದ. "ಯಾರಿಗೆ ಚಳಿ?" ಎಂದು ಆಕೆ ಮತ್ತೆ ಕೇಳಿದಾಗ ಎಲ್ಲ ಕೈಗಳೂ ಎದ್ದವು. ಬಾಡಿಗೆ ಕೊಡಬಾರದೆಂಬ ತೀರ್ಮಾನವೂ ನಮ್ಮ ತಂಡ ಹಾಡಿದ ಅತ್ಯುತ್ತಮ ಹಾಡೂ ಹುಟ್ಟಿದ್ದು ಅದೇ ಸಂಜೆ.

ಹಾಡನ್ನು ಗ್ರಾಮಫೋನ್ ತಟ್ಟೆಗೆ ಇಳಿಸಲು ಬಂದ ಪೆಟಿಬೋನ್ ಎಂಬ ದೊಡ್ಡ ಮನುಷ್ಯನಿಗೆ ತಾಳ ಹಿಡಿಸಿತು, ಮಾತು ಹಿಡಿಸಲಿಲ್ಲ. "ಚಳಿ ಅಂದ್ರೆ ಪ್ರೀತಿ ಇಲ್ದಿರೋ ಚಳಿ ಅಂತ ಮಾಡ್ಕೊಳ್ಳೋಣ, ತಾಯಿ. ರೇಡಿಯೋದವ್ರು ಹಾಕ್ತಾರೆ" ಎಂದ.

"ಬಾಯ್ಲರ್ ಜೊತೆ ನಂಗ್ಯಾವ ಪ್ರೀತೀನೂ ಇಲ್ಲ ಸ್ವಾಮಿ" ಎಂದಳು ಲುವೆಲ್ಲಾ.

ಹಾಡು ಬದಲಾಗದೆ ಹೊರಬಂತು. ರೇಡಿಯೋ ಅದನ್ನು ಮುಟ್ಟಲಿಲ್ಲ. ಬಾಡಿಗೆಗಿಂತ ಬೆಂಕಿಯೇ, ಅದರಿಂದ ಬರುವ ವಿಮೆಯ ಹಣವೇ ಲಾಭವೆಂದು ಮಾಲೀಕರು ಕಂಡುಕೊಂಡ ಕಾಲದಲ್ಲಿ ನಮ್ಮ ಕಟ್ಟಡವೂ ಸುಟ್ಟು ಇಟ್ಟಿಗೆಯ ರಾಶಿಯಾಯಿತು. ಎಝೆಲ್ ಡೆಟ್ರಾಯಿಟಿನಲ್ಲಿ ತೀರಿಕೊಂಡ. ಆ ಹಾಡನ್ನು ಯಾರಾದರೂ ನೆನೆಸಿದರೆ ಲುವೆಲ್ಲಾ, "ಯಾವ ಹಾಡು?" ಎನ್ನುತ್ತಿದ್ದಳು.

ಕೆಲವು ವರ್ಷಗಳ ಮೇಲೆ, ಜುಲೈ ತಿಂಗಳ ಒಂದು ಸಂಜೆ, ಕರಿದ ಮೀನಿನ ಪೊಟ್ಟಣ ಹಿಡಿದು ಆಕೆಯೊಡನೆ ಪಾರ್ಕಿನ ಪಕ್ಕದಲ್ಲಿ ಬರುತ್ತಿದ್ದೆ. ಬೇಲಿಯಾಚೆಯಿಂದ ಎಝೆಲ್‌ನ ಡ್ರಮ್ಮಿನ ಕೈ ಕೇಳಿಸಿತು. ಬೀದಿದೀಪದ ಕಂಬದಿಂದ ವಿದ್ಯುತ್ತು ಎಳೆದುಕೊಂಡು, ರೋಸ್ಕೋ ಎಂಬ ತರುಣ ನಮ್ಮ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ತಿರುಗಿಸುತ್ತಿದ್ದ. ಮೊದಲ ಡ್ರಮ್ಮಿನ ತುಣುಕು, ಆಮೇಲೆ "ಯಾರಿಗೆ ಚಳಿ?" ಎಂಬ ಕೂಗು, ಅಷ್ಟರಲ್ಲಿ ತಟ್ಟೆಯನ್ನು ಹಿಂದಕ್ಕೆಳೆದು ಮತ್ತೆ ಡ್ರಮ್ಮು. ಆ ಸೆಕೆಯಲ್ಲಿ ಬೆವರು ಸುರಿಸುತ್ತ ಜನ ಚಳಿಯ ಪ್ರಶ್ನೆಗೆ ಕುಣಿಯುತ್ತಿದ್ದರು. ಲುವೆಲ್ಲಾ ಕೋಟಿನ ಗುಂಡಿ ಹಾಕಿಕೊಂಡು ಒಳಗೆ ನಡೆದಳು. ಆಕೆಯ ಹೆಜ್ಜೆಯೂ ಆ ತಾಳವೂ ಒಂದೇ ಆಗಿರುವುದನ್ನು ಕಂಡ ಕೆಲವರು ಕುಣಿತ ಮರೆತು ದಾರಿ ಬಿಟ್ಟರು.

"ಏನಪ್ಪಾ, ಹಾಡು ಶುರು ಆಗೋಕ್ ಮುಂಚೇನೇ ಯಾಕೆ ವಾಪಸ್ ಎಳೀತೀಯಾ?"

"ಆಮೇಲೆ ಆ ಯಮ್ಮ ಹಾಡೋಕೆ ಹಿಡೀತಾಳೆ. ಜನ ಕುಣಿಯೋದು ನಿಲ್ಲಿಸ್ತಾರೆ" ಎಂದ ರೋಸ್ಕೋ, ತಲೆಯೆತ್ತದೆ.

"ಏನಂತ ಹಾಡ್ತಾಳೆ?"

"ಅದೇನೋ ಬಾಯ್ಲರ್ ಪುರಾಣ."

ತಡೆಯಲಾರದೆ ನಾನೆಂದೆ: "ಲೋ, ಆ ಯಮ್ಮ ಇವ್ರೇ ಕಣೋ."

ಅವನ ಕೈ ತಟ್ಟೆಯಿಂದ ಮೇಲೆದ್ದಿತು. ಡ್ರಮ್ಮು ಮುಗಿದು ಹಾಡು ತನ್ನಷ್ಟಕ್ಕೆ ಮುಂದುವರಿಯಿತು. ಅವನು ಹೇಳಿದಂತೆಯೇ ಜನ ಕುಣಿಯುವುದನ್ನು ನಿಲ್ಲಿಸಿದರು. ಲುವೆಲ್ಲಾ ತನ್ನದೇ ಎಳೆಯ ಕಂಠವನ್ನು, ಕಲ್ಪೆಪ್ಪರಮ್ಮನ ಹೆಸರು ಬರುವ ಸಾಲನ್ನು, ಬೇರೆ ಯಾರದೋ ಅಹವಾಲೆಂಬಂತೆ ತಲೆ ವಾಲಿಸಿ ಕೊನೆಯವರೆಗೂ ಕೇಳಿದಳು.

"ತಪ್ಪಾಯ್ತಮ್ಮ. ಇನ್ಮೇಲೆ ಪೂರ್ತಿ ಹಾಕ್ತೀನಿ" ಎಂದ ರೋಸ್ಕೋ.

"ಬೇಡ. ನೀನು ಹೇಳಿದ್ದು ಸರೀನೇ. ಆ ಬಾಯ್ಲರೂ ಇಲ್ಲ, ಆ ಮನೇನೂ ಇಲ್ಲ. ನಿಮ್ಮನೇಲಿ ಏನು ಕೆಟ್ಟಿದೆ?"

ಅವನು ಗಲಿಬಿಲಿಗೊಂಡ. "ನಮ್ಮನೇಲಾ? ಲಿಫ್ಟು. ನಮ್ದು ಹದಿಮೂರ್ನೇ ಮಹಡಿ. ನಮ್ಮಜ್ಜಿ ಈಸ್ಟರ್ ಹಬ್ಬದಿಂದ ಕೆಳಗೇ ಇಳಿದಿಲ್ಲ."

"ಹಂಗಾದ್ರೆ ಲಿಫ್ಟು ಅನ್ನು. ಡ್ರಮ್ಮಿನ ಮೇಲೆ ಮಾತಿಗೆ ಜಾಗ ಖಾಲಿ ಬಿದ್ದಿದೆಯಲ್ಲ."

"ನಂಗೆ ಹಾಡೋಕೆ ಬರಲ್ಲಮ್ಮ."

"ಹಾಡು ಅಂತ ನಾನೆಲ್ಲಿ ಅಂದೆ? ಬೈಯೋಕೆ ಬರುತ್ತಲ್ಲ, ತಾಳಕ್ಕೆ ಬೈಯಿ."

ಗುಂಪು ನಕ್ಕಿತು. ರೋಸ್ಕೋ ತಟ್ಟೆಯನ್ನು ಗೆಳೆಯನಿಗೊಪ್ಪಿಸಿ ಮೈಕು ಹಿಡಿದ. ಮೊದಲು ತೊದಲಿದ, ಮೆಟ್ಟಿಲುಗಳನ್ನು ಎಣಿಸಿ ಎಣಿಸಿ ಶಪಿಸಿದ, ಲಿಫ್ಟಿನ ಬಾಗಿಲಿನ ಮೂತ್ರದ ವಾಸನೆಗೆ ಒಂದು ಪ್ರಾಸ ಸಿಕ್ಕಿತು. "ಹನ್ನೊಂದ್ನೇ ಮಹಡಿದೂ ಸೇರಿಸೋ" ಎಂದು ಹೆಂಗಸೊಬ್ಬಳು ಕೂಗಿದಳು. ಅಲ್ಲಿಂದಾಚೆ ಮಾತು ನಿಲ್ಲಲಿಲ್ಲ, ಕುಣಿತವೂ ನಿಲ್ಲಲಿಲ್ಲ.

ಹಿಂದಿರುಗುವಾಗ, "ಬೇಜಾರಾಗ್ಲಿಲ್ವಾ?" ಎಂದೆ.

"ಆಯ್ತು" ಎಂದಳು. ನನ್ನ ಕೈಯ ಪೊಟ್ಟಣ ಮುಟ್ಟಿ ನೋಡಿ, "ಮೀನು ತಣ್ಣಗಾಗ್ತಿದೆ, ಬೇಗ ನಡಿ" ಎಂದಳು.

ರೋಸ್ಕೋನ ಬೈಗುಳ ಬೀದಿಬೀದಿಗೆ ಹಬ್ಬಿ ವಸತಿ ಕಚೇರಿಯವರ ಕಿವಿಯನ್ನೂ ಮುಟ್ಟಿರಬೇಕು. ಲಿಫ್ಟು ದುರಸ್ತಿಯಾಯಿತು, ಕೆಲವು ವಾರ ಓಡಿ ಮತ್ತೆ ಕೆಟ್ಟಿತು. ಆ ಕೆಲವು ವಾರಗಳಲ್ಲಿ ಅವನ ಅಜ್ಜಿ ಕೆಳಗಿಳಿದು, ಪಾರ್ಕಿನ ಮರದಡಿ ಕುರ್ಚಿ ಹಾಕಿಸಿಕೊಂಡು, ಲುವೆಲ್ಲಾಳೊಡನೆ ಕೆರೋಲೈನಾದ ಸುದ್ದಿ ಮಾತಾಡುತ್ತ ಕೂತದ್ದನ್ನು ನಾನು ಕಂಡಿದ್ದೇನೆ.

ತಮ್ಮ ಮಾತನ್ನೇ ಲೋಕ ಕಂಠಪಾಠ ಮಾಡಲೆಂದು ಬಯಸುವವರು ಬಹಳ. ಲೋಕದ ಬಾಯಿ ತೆರೆದರೆ ಸಾಕೆಂದು ತಮ್ಮ ಮಾತನ್ನು ಬಿಟ್ಟುಕೊಡುವವರು ವಿರಳ. ಅದು ಔದಾರ್ಯವೆಂದು ನಾನು ಬಹುಕಾಲ ಭಾವಿಸಿದ್ದೆ. ಈಗ ನೋಡಿದರೆ ಅದೊಂದು ಬಗೆಯ ಅಸಹನೆ. ಹಳೆಯ ದುಃಖವನ್ನು ಪೂಜೆಗಿಟ್ಟು ಹೊಸ ದುಃಖಕ್ಕೆ ಕಿವುಡಾಗುವುದನ್ನು ಇಂಥವರು ತಾಳಲಾರರು. ಇವರ ನೆರೆಯಲ್ಲಿ ಬಾಳುವುದು ಸುಖವೇನಲ್ಲ. ಆದರೆ ಇವರಿಲ್ಲದ ಕೇರಿಯಲ್ಲಿ ಜನ ತಂತಮ್ಮ ಕದ ಹಾಕಿಕೊಂಡು, ಕೆಟ್ಟದ್ದಕ್ಕೆ ಒಗ್ಗಿಹೋಗುವುದನ್ನೇ ತಾಳ್ಮೆಯೆಂದು ಕರೆಯಲು ಕಲಿತುಬಿಡುತ್ತಾರೆ.